ಗಾಳಿಯ ಮೇಲೆ ನಿಂತ ಗಾಡಿಯನ್ನು ಎತ್ತರಿಸುವ ವಿಚಾರ

ಇತ್ತೀಚೆಗೆ ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಕೆಲವರು ಗೊಬ್ಬರದ ದರ, ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತದ ದಾಸ್ತಾನು ಇವೆಲ್ಲವನ್ನೂ ವಿಚಾರಿಸಿದ ಮೇಲೆ, ಹೊರಡುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಾರೆ: “ಏರ್ ಸಸ್ಪೆನ್ಷನ್ ಇರುವ ಗಾಡಿಯನ್ನು ಇನ್ನೆರಡು ಇಂಚು ಎತ್ತರಿಸಬಹುದೇ?” ಸಹಕಾರ ಸಂಘಕ್ಕೂ ಈ ಪ್ರಶ್ನೆಗೂ ಏನು ಸಂಬಂಧ ಎಂದು ಯಾರಾದರೂ ಹುಬ್ಬೇರಿಸಬಹುದು. ಆದರೆ ಬೆಳೆಯ ದುಡ್ಡಿನಿಂದಲೇ ಈ ಗಾಡಿಗಳು ಬಂದಿರುವುದರಿಂದಲೂ, ಈ ವಿಷಯದಲ್ಲಿ ನಾವೇ ಒಮ್ಮೆ ಪೆಟ್ಟು ತಿಂದಿರುವುದರಿಂದಲೂ ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಈ ಗಾಡಿಗಳು ನಮ್ಮ ಕಡೆಗೆ ಬಂದ ಬಗೆಯನ್ನು ಮೊದಲು ಹೇಳಬೇಕು. 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶವಾಗಿ ದೆಹಲಿಯ ಸುತ್ತ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳು ಓಡದಂತಾದಾಗ, ದೊಡ್ಡ ದೊಡ್ಡ ವಿದೇಶೀ ಗಾಡಿಗಳು ಅಗ್ಗಕ್ಕೆ ಹೊರರಾಜ್ಯಗಳಿಗೆ ಮಾರಾಟವಾದವು. ಬೆಂಗಳೂರಿನ ಹಳೆಯ ಗಾಡಿಗಳೂ ಅವುಗಳ ಜೊತೆ ಸೇರಿದವು. 2024ರಲ್ಲಿ ರೋಬಸ್ಟಾ ಬೆಲೆ ನಾವು ಯಾರೂ ಕಂಡಿರದ ಮಟ್ಟಕ್ಕೆ ಏರಿದಾಗ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ಹೊಸ ಸಾಧಾರಣ ಗಾಡಿಯ ಬೆಲೆಗೆ ಹಳೆಯ ಭಾರೀ ಗಾಡಿ ಸಿಗುತ್ತದೆಂದರೆ ಬೇಡವೆನ್ನುವವರು ಯಾರು? ನಾವೂ ಬೇಡವೆನ್ನಲಿಲ್ಲ.

ಏರ್ ಸಸ್ಪೆನ್ಷನ್ ಎಂಬುದು ತೀರ ಹೊಸತೇನಲ್ಲ. 2001ರಲ್ಲಿ ಹೊಸಕೋಟೆಯಲ್ಲಿ ತಯಾರಿಕೆ ಆರಂಭವಾದ ವೋಲ್ವೊ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬಂದ ಸದಸ್ಯರೆಲ್ಲರೂ ಇದರ ಮೇಲೆ ಕುಳಿತವರೇ. ಬಸ್ಸು ನಿಂತಾಗ ಕೇಳುವ ‘ಬುಸ್’ ಎಂಬ ಸದ್ದುಗಳಲ್ಲಿ ಒಂದು ಅದರದು. ಕಾಡುಮೇಡಿನ ಗಾಡಿಗಳಿಗೆ ಇದನ್ನು 1992ರಲ್ಲಿ ರೇಂಜ್ ರೋವರ್ ತಂದಿತು. ಈಗ ಲ್ಯಾಂಡ್ ರೋವರ್, ಆಡಿ, ಮರ್ಸಿಡಿಸ್, ವೋಲ್ವೊ ಮೊದಲಾದವರ ದೊಡ್ಡ ಗಾಡಿಗಳಲ್ಲಿ ಇದು ಕಾರ್ಖಾನೆಯಿಂದಲೇ ಬರುತ್ತದೆ.

ನಮಗೆ ಜೀಪು ಗೊತ್ತು. ಜೀಪಿನಲ್ಲಿ ಭಾರ ಹೊರುವುದು ಉಕ್ಕಿನ ಕಮಾನುಪಟ್ಟಿ. ಎತ್ತರ ಬೇಕಾದರೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸುತ್ತಿದ್ದೆವು, ಇಲ್ಲವೇ ಉದ್ದನೆಯ ಶ್ಯಾಕಲ್ ಹಾಕಿಸುತ್ತಿದ್ದೆವು. ಗಾಡಿ ಎದ್ದು ನಿಲ್ಲುತ್ತಿತ್ತು, ಬೆನ್ನು ನೋಯುತ್ತಿತ್ತು, ವಿಷಯ ಮುಗಿಯುತ್ತಿತ್ತು. (ಹೀಗೆ ಎತ್ತರಿಸಿದರೂ ಜೀಪಿನ ಹಿಂದಿನ ಆಕ್ಸೆಲಿನ ನಡುವಿರುವ ಡಿಫರೆನ್ಷಿಯಲ್ ಉಂಡೆ ನೆಲದಿಂದ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ, ಅದು ಏಳುವುದು ದೊಡ್ಡ ಟೈರಿನಿಂದ ಮಾತ್ರ ಎಂಬುದನ್ನು ಎಷ್ಟೋ ಜನ ಗಮನಿಸಿರಲಾರರು.)

ಗಾಳಿಯ ಗಾಡಿಯ ಕ್ರಮ ಬೇರೆ. ಅಲ್ಲಿ ಪ್ರತಿ ಚಕ್ರದ ಮೇಲೂ ದಪ್ಪ ರಬ್ಬರಿನ ಒಂದು ಗಾಳಿಚೀಲ. ಅದಕ್ಕೆ ಗಾಳಿ ತುಂಬಲು ವಿದ್ಯುತ್ತಿನಿಂದ ನಡೆಯುವ ಸಣ್ಣ ಕಂಪ್ರೆಸರ್, ಗಾಳಿ ಕೂಡಿಡಲು ಹಲವು ಗಾಡಿಗಳಲ್ಲಿ ಒಂದು ಟ್ಯಾಂಕು, ಯಾವ ಚೀಲಕ್ಕೆ ಎಷ್ಟು ಗಾಳಿ ಎಂದು ಹಂಚುವ ವಾಲ್ವುಗಳು. ಇವೆಲ್ಲಕ್ಕಿಂತ ಮುಖ್ಯವಾದುದು, ನೋಡಲು ಅತ್ಯಂತ ಅಲ್ಪವಾದುದು, ಚಕ್ರದ ಆರ್ಮಿಗೂ ಗಾಡಿಯ ಮೈಗೂ ನಡುವೆ ಕಟ್ಟಿರುವ ಬೆರಳುದ್ದದ ಒಂದು ಕಡ್ಡಿ. ಅದರ ತುದಿಯಲ್ಲಿ ಸೆನ್ಸರ್ ಇದೆ. ಗಾಡಿ ಇಳಿದರೆ ಕಡ್ಡಿ ಸೆನ್ಸರನ್ನು ಒಂದು ಕಡೆಗೆ ತಿರುಗಿಸುತ್ತದೆ, ಎದ್ದರೆ ಇನ್ನೊಂದು ಕಡೆಗೆ. ಕಂಪ್ಯೂಟರು ಆ ಲೆಕ್ಕವನ್ನು ನೋಡಿ ಗಾಳಿ ತುಂಬುತ್ತದೆ ಅಥವಾ ಬಿಡುತ್ತದೆ. ಹಿಂದೆ ಆರು ಚೀಲ ಗೊಬ್ಬರ ಹೇರಿದರೂ ಗಾಡಿಯ ಹಿಂಭಾಗ ಕುಸಿಯದೆ ಮಟ್ಟಸವಾಗಿ ನಿಲ್ಲುವುದು ಈ ಕಡ್ಡಿಯ ದೆಸೆಯಿಂದಲೇ. ವೇಗವಾಗಿ ಹೋದಾಗ ಗಾಡಿ ತಾನಾಗಿ ತಗ್ಗುವುದೂ, ಗುಂಡಿ ಒತ್ತಿದರೆ ತೋಟದ ದಾರಿಗೆ ಬೇಕಾದ ಎತ್ತರಕ್ಕೆ ಏಳುವುದೂ ಇದರ ಲೆಕ್ಕದ ಮೇಲೆಯೇ.

ಇನ್ನು ಗಾಡಿ ಎತ್ತರಿಸಿಕೊಡುತ್ತೇವೆನ್ನುವವರು ಮಾಡುವುದೇನು? ಅತಿ ಅಗ್ಗದ ಉಪಾಯವೆಂದರೆ ಈ ಕಡ್ಡಿಯನ್ನು ಬದಲಿಸಿ, ಗಾಡಿಗೆ ತಕ್ಕಂತೆ ಗಿಡ್ಡನೆಯದೋ ಉದ್ದನೆಯದೋ ಹಾಕುವುದು. ಆಗ ಗಾಡಿ ಸರಿಯಾದ ಎತ್ತರದಲ್ಲೇ ಇದ್ದರೂ ಕಂಪ್ಯೂಟರಿಗೆ ತಗ್ಗಿದಂತೆ ತೋರುತ್ತದೆ. ಪಾಪ, ಅದು ಗಾಳಿ ತುಂಬುತ್ತಾ ಹೋಗುತ್ತದೆ. ಇದನ್ನೇ ಕಡ್ಡಿ ಮುಟ್ಟದೆ, ಕಂಪ್ಯೂಟರಿನೊಳಗಿನ ಲೆಕ್ಕವನ್ನು ತಿದ್ದಿಯೂ ಮಾಡುತ್ತಾರೆ. ಎರಡೂ ಒಂದೇ. ತಕ್ಕಡಿಯ ತಟ್ಟೆಯಡಿ ಮೇಣ ಅಂಟಿಸಿ ತೂಗುವ ವ್ಯಾಪಾರಿಯನ್ನು ಕಂಡವರಿಗೆ ನಾವು ಹೆಚ್ಚು ವಿವರಿಸಬೇಕಾಗಿಲ್ಲ. ತಕ್ಕಡಿಯ ಮುಳ್ಳು ಸರಿಯಾಗಿಯೇ ನಿಂತಿರುತ್ತದೆ, ಕಾಫಿ ಮಾತ್ರ ಕಡಿಮೆಯಾಗಿರುತ್ತದೆ.

ಇಲ್ಲಿ ಕಡಿಮೆಯಾಗುವುದು ಏನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇಡೀ ವಿಷಯದ ತಿರುಳು ಇದೇ. ಚಕ್ರಕ್ಕೆ ಮೇಲೆ ಕೆಳಗೆ ಓಡಾಡಲು ಇಷ್ಟೇ ಎಂದು ಒಂದು ಜಾಗವಿದೆ. ಲೆಕ್ಕಕ್ಕಾಗಿ ಅದು ಒಟ್ಟು 9 ಇಂಚು ಎಂದಿಟ್ಟುಕೊಳ್ಳಿ. ಗಾಡಿ ಮಾಮೂಲು ಎತ್ತರದಲ್ಲಿರುವಾಗ ಚಕ್ರ ನಾಲ್ಕೂವರೆ ಇಂಚು ಮೇಲಕ್ಕೆ ಹೋಗಬಹುದು, ನಾಲ್ಕೂವರೆ ಇಂಚು ಕೆಳಗೆ ಇಳಿಯಬಹುದು. ಕಲ್ಲು ಸಿಕ್ಕರೆ ಮೇಲೆ, ಗುಂಡಿ ಸಿಕ್ಕರೆ ಕೆಳಗೆ. ಈಗ ಕಡ್ಡಿ ಬದಲಿಸಿ ಗಾಡಿಯನ್ನು 2 ಇಂಚು ಎತ್ತಿದಿರಿ. ಒಟ್ಟು ಜಾಗ 9 ಇಂಚೇ. ಶಾಕ್ ಅಬ್ಸಾರ್ಬರಿನ ಉದ್ದ ಬದಲಾಗಲಿಲ್ಲ. ಆದುದರಿಂದ ಮೇಲಕ್ಕೆ ಆರೂವರೆ, ಕೆಳಗೆ ಎರಡೂವರೆ ಮಾತ್ರ ಉಳಿಯಿತು. ಇದರ ಮೇಲೆ ತೋಟದ ದಾರಿಯಲ್ಲಿ ಗುಂಡಿ ಒತ್ತಿ ಇನ್ನೂ ಎರಡೂವರೆ ಇಂಚು ಏರಿಸಿದಿರಿ ಎನ್ನೋಣ. ಈಗ ಕೆಳಗೆ ಇಳಿಯಲು ಉಳಿದದ್ದು ಸೊನ್ನೆ.

ಅಂದರೆ ಗುಂಡಿ ಬಂದಾಗ ಚಕ್ರ ಅದರೊಳಗೆ ಇಳಿದು ನೆಲ ಹಿಡಿಯುವುದಿಲ್ಲ, ಗಾಳಿಯಲ್ಲಿ ತೂಗುತ್ತದೆ. ತೂಗುವ ಚಕ್ರ ತಿರುಗುತ್ತದೆಯೇ ಹೊರತು ಎಳೆಯುವುದಿಲ್ಲ. ಪ್ರತಿ ಹಳ್ಳದಲ್ಲೂ ಶಾಕ್ ಅಬ್ಸಾರ್ಬರ್ ತನ್ನ ಕೊನೆಯನ್ನು ಮುಟ್ಟಿ ‘ಟಕ್’ ಎನ್ನುತ್ತದೆ. ಎತ್ತರಿಸಿದ ಗಾಡಿ ನೋಡಲು ಆನೆಯಂತಿದ್ದರೂ, ಕಾರ್ಖಾನೆಯ ಎತ್ತರದ ಗಾಡಿ ಹತ್ತಿದ ಏರನ್ನು ಹತ್ತಲಾರದೆ ಒಂದು ಕಾಲೆತ್ತಿಕೊಂಡು ನಿಲ್ಲುವುದುಂಟು. ನೆಲದ ಅಂತರ ಬಿಟ್ಟಿ ಬರಲಿಲ್ಲ, ಚಕ್ರದ ಹಿಡಿತವನ್ನು ಮಾರಿ ಅದನ್ನು ಕೊಂಡದ್ದಾಯಿತು.

ಎರಡನೆಯ ಉಪಾಯ, ಗಾಳಿಚೀಲದ ಕಂಬದ ತಲೆಗೂ ಗಾಡಿಯ ಮೈಗೂ ನಡುವೆ ಲೋಹದ ಬಿಲ್ಲೆಯನ್ನು ಕೂರಿಸುವುದು. ಇದರಲ್ಲಿ ಇಳಿಯುವ ಜಾಗ ಉಳಿಯುತ್ತದೆ ಎಂಬ ಮಾತು ನಿಜ. ಆದರೆ ಸಾಲ ಬೇರೆ ಕಡೆಯಿಂದ ಎತ್ತಿದಂತಾಗುತ್ತದೆ. ಚಕ್ರ ಮೊದಲಿಗಿಂತಲೂ ಕೆಳಗೆ ಇಳಿಯುವುದರಿಂದ ಡ್ರೈವ್ ಶಾಫ್ಟಿನ ಗಂಟುಗಳು ಹೆಚ್ಚು ಬಾಗಿ ತಿರುಗಬೇಕಾಗುತ್ತದೆ. ಅವುಗಳ ರಬ್ಬರ್ ಬೂಟು ಹರಿದು ಕೆಸರು ಒಳಗೆ ಹೋದರೆ ಗಂಟು ಸವೆಯಲು ಹೆಚ್ಚು ದಿನ ಬೇಡ. ಬಾಲ್ ಜಾಯಿಂಟುಗಳಿಗೂ ಇದೇ ಗತಿ. ಎರಡು ಉಪಾಯಗಳಲ್ಲೂ ಚಕ್ರದ ಕೋನ ತಪ್ಪುವುದರಿಂದ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಹಲವು ಗಾಡಿಗಳಲ್ಲಿ ಮುಂದಿನ ದೀಪದ ಏರಿಳಿತವೂ ಅದೇ ಸೆನ್ಸರಿನ ಲೆಕ್ಕವನ್ನು ನಂಬಿಕೊಂಡಿರುವುದರಿಂದ ಬೆಳಕು ಎಲ್ಲೆಲ್ಲಿಗೋ ಬೀಳುತ್ತದೆ. ಜುಲೈ ತಿಂಗಳ ಮಂಜಿನಲ್ಲಿ ಎದುರಿನಿಂದ ಬರುವವನ ಕಣ್ಣಿಗೆ ಹೊಡೆಯುವ ದೀಪ ಎಂಥದೆಂದು ನಮ್ಮವರಿಗೆ ಗೊತ್ತು.

ಮೂರನೆಯದು, ಗಾಳಿಯ ಸಾಮಾನನ್ನೆಲ್ಲ ಕಿತ್ತು ಉಕ್ಕಿನ ಸುರುಳಿ ಸ್ಪ್ರಿಂಗ್ ಹಾಕಿಸುವುದು. ಚೀಲ ಒಡೆದಾಗ ಹೊಸ ಚೀಲದ ಬೆಲೆ ಕೇಳಿ ಗಾಬರಿಯಾದವರು ಹೀಗೆ ಮಾಡುತ್ತಾರೆ. ಗಾಡಿ ಓಡುತ್ತದೆ, ಆದರೆ ಏರಿಸಿ ಇಳಿಸುವ ಅನುಕೂಲ ಹೋಗುತ್ತದೆ, ಭಾರ ಹೇರಿದಾಗ ಹಿಂಭಾಗ ಕೂರುತ್ತದೆ. ಅಷ್ಟು ಮಾಡುವುದಾದರೆ ಮೊದಲೇ ಸ್ಪ್ರಿಂಗ್ ಗಾಡಿಯನ್ನೇ ಕೊಳ್ಳಬಹುದಿತ್ತು ಎಂಬುದು ನಮ್ಮ ಅಭಿಪ್ರಾಯ.

ಈಗ ನಮ್ಮ ಕಥೆ. ಗಾಡಿ ಕೊಂಡ ಮೊದಲ ಬೇಸಿಗೆಯಲ್ಲೇ ಕಣದಿಂದ ಮನೆಗೆ ಏರುವ ದಾರಿಯಲ್ಲಿ ಎರಡು ಸಲ ಹೊಟ್ಟೆ ಉಜ್ಜಿತು. ಹೊರಗಿನ ಒಬ್ಬ ಮೆಕ್ಯಾನಿಕ್ ಬಂದು, “ಸಾರ್, ಅರ್ಧ ಗಂಟೆ ಕೆಲಸ, ಕಡ್ಡಿ ಬದಲಾಯಿಸಿದರೆ ಆಯಿತು” ಎಂದ. ಆಯಿತೆಂದೆವು. ಪದವಿ ಓದಿದ್ದರೂ ಅರ್ಧ ಗಂಟೆಯ ಕೆಲಸವೆಂದರೆ ಮರುಳಾಗುವ ಸ್ವಭಾವ ನಮ್ಮದು. ಗಾಡಿ ಚೆನ್ನಾಗಿ ಎದ್ದು ನಿಂತಿತು, ಮಳೆಗಾಲದವರೆಗೆ ಎಲ್ಲರೂ ಹೊಗಳಿದರು.

ನಮ್ಮ ಮಳೆ ಎಂಥದೆಂದು ಇಲ್ಲಿ ಹೇಳಬೇಕಾಗಿಲ್ಲ. ಭಾಗಮಂಡಲದ ಕಡೆ ಇನ್ನೂರು ಇಂಚು ದಾಟುವ ಸೀಮೆ. ಕಂಪ್ರೆಸರ್ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುವುದರಿಂದ, ಅದರಲ್ಲಿನ ತೇವ ಹೀರಲು ಒಳಗೆ ಹರಳಿನ ಒಂದು ಡಬ್ಬಿ ಇರುತ್ತದೆ. ಎತ್ತರಿಸಿದ ಮೇಲೆ ಗಾಳಿಚೀಲದ ಮಡಿಕೆ ತನ್ನ ಹಳೆಯ ಜಾಗ ಬಿಟ್ಟು ಹೊಸ ಜಾಗದಲ್ಲಿ ಮಡಚತೊಡಗಿತು. ಹಳೆಯ ರಬ್ಬರು, ಮಡಿಕೆಯಲ್ಲಿ ಕೆಸರಿನ ಹರಳು; ಕೂದಲೆಳೆಯಂಥ ಬಿರುಕು ಬಿಟ್ಟು ಗಾಳಿ ಸೋರಿತು. ಸೋರಿದ್ದನ್ನು ತುಂಬಲು ಕಂಪ್ರೆಸರ್ ದಿನಕ್ಕೆ ಹತ್ತಾರು ಸಲ ಓಡಿತು. ಹರಳು ತೇವದಿಂದ ತುಂಬಿಹೋಯಿತು, ನೀರು ವಾಲ್ವಿಗೆ ಹೋಯಿತು. ಒದ್ದೆ ಕಾಫಿಯನ್ನು ಚೀಲಕ್ಕೆ ತುಂಬಿದರೆ ಏನಾಗುತ್ತದೋ ಅದೇ ಆಯಿತು. ಈ ಎಲ್ಲ ವಿವರ ನಮಗೆ ತಿಳಿದದ್ದು ಆಮೇಲೆ. ಆಗ ಕಂಡದ್ದು ಫಲಕದಲ್ಲಿ ಆಗಾಗ ಹೊತ್ತುವ ಹಳದಿ ದೀಪ ಮಾತ್ರ. ಅದನ್ನು ಮಳೆಯ ತಲೆಗೆ ಕಟ್ಟಿ ಸುಮ್ಮನಿದ್ದೆವು.

ಜುಲೈ ತಿಂಗಳ ಒಂದು ಸಂಜೆ ನೆರಳಿನ ಮರದ ಕೊಂಬೆ ಕಡಿಯುತ್ತಿದ್ದ ನಮ್ಮ ಆಳು ಏಣಿಯಿಂದ ಜಾರಿ ಕಾಲು ಮುರಿದುಕೊಂಡ. ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿ, ಅವನ ಹೆಂಡತಿಯನ್ನೂ ಕೂರಿಸಿಕೊಂಡು ಮೂರ್ನಾಡು ದಾರಿಯಾಗಿ ಮಡಿಕೇರಿಗೆ ಹೊರಟೆವು. ನಾಪೋಕ್ಲು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಂಪು ದೀಪ ಹೊತ್ತಿತು. ಗಾಡಿ ನಿಧಾನವಾಗಿ, ಮುದುಕರು ಮಣೆಯ ಮೇಲೆ ಕೂರುವಂತೆ, ಮುಂದೆ ಕುಸಿದು ರಬ್ಬರ್ ತಡೆಗಳ ಮೇಲೆ ಕೂತಿತು. ಅದರ ಮೇಲೆ ಪ್ರತಿ ಹೊಂಡವೂ ನೇರವಾಗಿ ಆ ಮನುಷ್ಯನ ಮೂಳೆಗೇ ತಾಗುತ್ತಿತ್ತು. ಗಂಟೆಗೆ ಹದಿನೈದು ಕಿಲೋಮೀಟರಿನಂತೆ ತೆವಳಿದೆವು. “ಸಾಹುಕಾರ್ರೇ, ಇಲ್ಲೇ ಇಳಿಸಿಬಿಡಿ, ಇವರಿಂದ ತಡೆಯಲು ಆಗುತ್ತಿಲ್ಲ” ಎಂದು ಅವನ ಹೆಂಡತಿ ಅಳತೊಡಗಿದಳು. ಹಿಂದಿನಿಂದ ಬಂದ ನೆರೆಯವರೊಬ್ಬರ ಮೂವತ್ತು ವರ್ಷದ ಜೀಪಿಗೆ ಅವನನ್ನು ಎತ್ತಿ ಸಾಗಿಸಿದೆವು. ಕಾಲು ಕೂಡಿತು, ಈಗ ನಡೆಯುತ್ತಾನೆ. ಆದರೂ ಆ ಅರ್ಧ ಗಂಟೆ ನಮ್ಮ ಮನಸ್ಸಿನಿಂದ ಹೋಗಿಲ್ಲ. ಮುಂದಿನ ಎರಡು ಚೀಲ, ಕಂಪ್ರೆಸರ್, ವಾಲ್ವು ಎಲ್ಲ ಸೇರಿ ಆ ವರ್ಷದ ಹದಿನೆಂಟು ಮೂಟೆ ಚೆರಿಯ ಹಣ ಹೋಯಿತು. ಹಳೆಯ ಕಡ್ಡಿಗಳನ್ನು ಎಸೆಯದೆ ಇಟ್ಟಿದ್ದುದೊಂದೇ ನಾವು ಮಾಡಿದ್ದ ಜಾಣತನ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ದಂಡ ಹೋಗಲಿ, ಅಪಘಾತವಾದಾಗ ವಿಮಾ ಕಂಪನಿಯ ಸರ್ವೇಯರ್ ಕೆಳಗೆ ಬಗ್ಗಿ ನೋಡುವುದು ಇಂಥದನ್ನೇ.

ಕಾನೂನಿಗಿಂತ ದೊಡ್ಡ ಮಾತೊಂದಿದೆ, ಇದನ್ನು ಮನೆಯ ಮಕ್ಕಳಿಗೂ ಆಳುಗಳಿಗೂ ದಯವಿಟ್ಟು ಓದಿ ಹೇಳಬೇಕು. ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಬಾರದು. ಎರಡು ಟನ್ನಿಗೂ ಮಿಕ್ಕಿದ ಭಾರವನ್ನು ಹಿಡಿದಿರುವುದು ರಬ್ಬರಿನೊಳಗಿನ ಗಾಳಿ. ಒಂದು ಕೊಳವೆ ಕಳಚಿದರೆ ಅದು ಕ್ಷಣದಲ್ಲಿ ಕೂರುತ್ತದೆ. ಗಾಡಿ ನಿಲ್ಲಿಸಿ ಬೀಗ ಹಾಕಿದ ಮೇಲೂ ಕೆಲವು ಗಾಡಿಗಳು ತಾವಾಗಿ ಎತ್ತರ ಸರಿಪಡಿಸಿಕೊಳ್ಳುತ್ತವೆ. ಕೆಸರು ಕೆರೆಯುವುದಿರಲಿ, ಸಿಕ್ಕಿದ ಬಳ್ಳಿ ಎಳೆಯುವುದಿರಲಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಮೈಯನ್ನು ಕೂರಿಸಿದ ಮೇಲೆಯೇ. ಟೈರು ಬದಲಿಸುವಾಗ ಜಾಕ್ ಇಡುವ ಮೊದಲು, ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಏರ್ ಸಸ್ಪೆನ್ಷನನ್ನು ಸ್ಥಗಿತಗೊಳಿಸಬೇಕು. ಹಾಗೆ ಮಾಡದಿದ್ದರೆ ಜಾಕಿನಿಂದ ಎದ್ದ ಗಾಡಿಯನ್ನು ಸಮ ಮಾಡಲು ಕಂಪ್ಯೂಟರು ಗಾಳಿ ಬಿಡುವ ಸಂಭವವಿದೆ.

ಹಾಗಾದರೆ ಹೊಟ್ಟೆ ಉಜ್ಜುವುದಕ್ಕೆ ಮಾಡುವುದೇನು? ಮೊದಲು ಗಾಡಿಯಲ್ಲಿರುವ ಎತ್ತರವನ್ನೇ ಬಳಸಲು ಕಲಿಯಬೇಕು. ಹೊಸ ಡಿಫೆಂಡರ್ ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ: ಗುಂಡಿ ಒತ್ತಿದರೆ 75 ಮಿ.ಮೀ. ಏಳುತ್ತದೆ, ನೆಲದ ಅಂತರ 291 ಮಿ.ಮೀ., ಅಂದರೆ ಹನ್ನೊಂದೂವರೆ ಇಂಚಿಗೆ ಸಮೀಪ. ಹೊಟ್ಟೆ ನೆಲಕ್ಕೆ ಕೂತು ಚಕ್ರ ತೇಲಿದಾಗ ಇನ್ನೂ 70 ಮಿ.ಮೀ. ಎತ್ತಿಕೊಳ್ಳುವ ವ್ಯವಸ್ಥೆಯೂ ಅದರಲ್ಲಿದೆ. ಹಳೆಯ ಗಾಡಿಗಳಲ್ಲಿ ಇಷ್ಟಿಲ್ಲದಿದ್ದರೂ ಎರಡು ಇಂಚಿಗೆ ಮೋಸವಿಲ್ಲ. ಆದರೆ ನಮ್ಮಲ್ಲಿ ಅನೇಕರು ಗುಂಡಿ ಒತ್ತುವುದು ಗಾಡಿ ಸಿಕ್ಕಿಕೊಂಡ ಮೇಲೆ. ಗೇಟಿನಲ್ಲೇ ಒತ್ತಿ, ಅದು ಏಳುವವರೆಗೆ ಕಾದು, ನಿಧಾನವಾಗಿ ಹೋಗಬೇಕು. ವೇಗ ಹೆಚ್ಚಾದರೆ ಅದು ತಾನಾಗಿ ಇಳಿಯುತ್ತದೆ, ಇಳಿಯಲೂ ಬೇಕು.

ಎರಡನೆಯದಾಗಿ ದಾರಿಯನ್ನು ಅಳೆಯಬೇಕು. ನಮ್ಮ ದಾರಿಯಲ್ಲಿ ನಾವು ಅಳೆದದ್ದು ಗಾಡಿ ಕೆಟ್ಟ ಮೇಲೆ. ಎರಡು ಚಕ್ರದ ಜಾಡುಗಳ ಅಗಲಕ್ಕೆ ಸರಿಯಾದ ಒಂದು ರೀಪರನ್ನು ತೆಗೆದುಕೊಂಡು, ಎರಡು ತುದಿಗೂ ಒಂಬತ್ತು ಇಂಚಿನ ಕಾಲು ಹೊಡೆದು, ಕಾಲುಗಳನ್ನು ಜಾಡಿನಲ್ಲಿಟ್ಟು ದಾರಿಯುದ್ದಕ್ಕೂ ನಡೆದೆವು. ಅಡ್ಡ ರೀಪರ್ ನಡುದಿಬ್ಬಕ್ಕೆ ತಾಗಿದಲ್ಲೆಲ್ಲ ಸುಣ್ಣದ ಗುರುತು ಹಾಕಿದೆವು. ಮುನ್ನೂರು ಗಜ ದಾರಿಯಲ್ಲಿ ತಾಗಿದ್ದು ಮೂರೇ ಕಡೆ! ಎರಡು ಕಡೆ ಮಳೆನೀರು ಜಾಡನ್ನು ಕೊರೆದಿತ್ತು, ಒಂದು ಕಡೆ ಬೇರಿನ ಗಡ್ಡೆ. ಇಬ್ಬರು ಆಳು ಎರಡು ದಿನ ದುಡಿದು ದಿಬ್ಬ ಕೆರೆದು, ಜಾಡಿಗೆ ದಪ್ಪ ಜಲ್ಲಿ ತುಂಬಿ, ಏರಿನ ಮೇಲ್ಭಾಗದಲ್ಲಿ ನೀರು ಪಕ್ಕಕ್ಕೆ ಹೋಗುವಂತೆ ಓರೆಯಾಗಿ ಎರಡು ಅಡ್ಡಕಾಲುವೆ ತೆಗೆದರು. ಅಂದಿನಿಂದ ಕಾರ್ಖಾನೆಯ ಎತ್ತರದಲ್ಲೇ ಗಾಡಿ ಉಜ್ಜದೆ ಬರುತ್ತಿದೆ. ಪ್ರತಿ ಮೇ ತಿಂಗಳಲ್ಲಿ ಆ ಕಾಲುವೆಗಳ ತರಗು ತೆಗೆಸಬೇಕು, ಅಷ್ಟೇ. ಟೈರು ಹಾಕಿಸುವಾಗ ಆ ಮಾದರಿಗೆ ಕಂಪನಿ ಒಪ್ಪಿರುವ ಅಳತೆಗಳಲ್ಲೇ ಎತ್ತರದ್ದನ್ನು ಆರಿಸಿದರೆ ಇನ್ನೂ ಸ್ವಲ್ಪ ಅನುಕೂಲ.

ಕೆಲವರು ಎತ್ತರ ಕೇಳುವುದು ತೋಟದ ದಾರಿಗಲ್ಲ, ಕಾವೇರಿ ಉಕ್ಕಿ ಚೆರಿಯಪರಂಬಿನಲ್ಲೋ ಬೊಳಿಬಾಣೆಯಲ್ಲೋ ರಸ್ತೆಗೆ ನೀರು ಬಂದಾಗ ದಾಟಲು. ಇದಕ್ಕೆ ನಮ್ಮ ಉತ್ತರ ಖಂಡಿತವಾಗಿ ಬೇಡ ಎಂಬುದೇ. ಕಂಪನಿಯವರು ಕೊಡುವ ಅಡಿ ಇಂಚಿನ ಲೆಕ್ಕ ನಿಂತ ನೀರಿಗೆ. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರನ್ನು ತೇಲಿಸುತ್ತದೆ, ಎರಡು ಅಡಿ ಇದ್ದರೆ ದೊಡ್ಡ ಗಾಡಿಯನ್ನೂ ಒಯ್ಯುತ್ತದೆ. ಎರಡು ಇಂಚು ಎತ್ತರಿಸಿದವನಿಗೆ ಹೊಳೆ ಎರಡು ಇಂಚಿನ ರಿಯಾಯಿತಿ ಕೊಡುವುದಿಲ್ಲ.

ಹಳೆಯ ಗಾಡಿ ಕೊಳ್ಳಲು ಹೊರಟವರಿಗೆ ಒಂದು ಸುಲಭದ ಪರೀಕ್ಷೆ. ಸಂಜೆ ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕು ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆದು ಬರೆದಿಡಿ. ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಇಳಿದಿದ್ದರೆ ಆ ಚೀಲವೋ ಅದರ ಕೊಳವೆಯೋ ಸೋರುತ್ತಿದೆ. ಸೋಪಿನ ನೀರು ಬಳಿದರೆ ಗುಳ್ಳೆ ಕಾಣುತ್ತದೆ. ಶುರು ಮಾಡಿದ ಮೇಲೆ ಕಂಪ್ರೆಸರ್ ನಿಲ್ಲದೆ ಗೊರಗುಟ್ಟುತ್ತಿದ್ದರೆ ಬೆಲೆಯಲ್ಲಿ ಅದನ್ನು ಮುರಿದುಕೊಳ್ಳಿ. ಸೆನ್ಸರಿನ ಕಡ್ಡಿಯಲ್ಲಿ ಮರೆ, ನಟ್ಟು ಕಂಡರೆ, ಕಾರ್ಖಾನೆಯದಲ್ಲದ ಹೊಳಪು ಕಂಡರೆ, ಯಾರೋ ನಮ್ಮಂಥವರು ಮೊದಲೇ ಎತ್ತರಿಸಿದ್ದಾರೆಂದು ತಿಳಿಯಿರಿ.

ದಾರಿ ಅಳೆಯುವ ಒಂಬತ್ತು ಇಂಚಿನ ಕಾಲಿನ ರೀಪರನ್ನು ಸಂಘದ ಗೋದಾಮಿನಲ್ಲಿ ಇರಿಸಲಾಗಿದೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು, ಒಂದು ವಾರದೊಳಗೆ ಹಿಂದಿರುಗಿಸಬೇಕು. ಕಳೆದ ಸಾಲಿನಲ್ಲಿ ತೇವ ಅಳೆಯುವ ಯಂತ್ರ ಮೂರು ತಿಂಗಳು ಒಂದೇ ಮನೆಯಲ್ಲಿ ಉಳಿದುದನ್ನು ಸದಸ್ಯರು ಮರೆತಿರಲಾರರು.